ಹರಿಹರದ ಬಸ್ಸು, ಅನಾಟಮಿ ಮತ್ತು ಆಂಕಿಡ್ರಾಯ್ಡ್: ಒಬ್ಬ ನರ್ಸಿಂಗ್ ಹುಡುಗನ ವಿಮರ್ಶೆ

ಓದಿದ್ದು ಮರೆಯದ ಹಾಗೆ ಪ್ರಶ್ನೋತ್ತರದ ಕಾರ್ಡು ತೋರಿಸೋ ಆ್ಯಪ್ ಈ ಆಂಕಿಡ್ರಾಯ್ಡ್. ನೋಡೋಕೆ ಏನೂ ಚೆಂದ ಇಲ್ಲ. ಖಾಲಿ ಪರದೆ ಮೇಲೆ ಒಂದು ಪ್ರಶ್ನೆ, ಕೆಳಗೆ ಉತ್ತರ ತೋರಿಸೋ ಬಟನ್, ಅಷ್ಟೇ. ಕುಣಿಯೋ ಗೊಂಬೆ ಇಲ್ಲ, ನಾಣ್ಯ ಗೆಲ್ಲೋ ಆಟ ಇಲ್ಲ, ಸರಿ ಹೇಳಿದರೆ ಚಪ್ಪಾಳೆ ಹೊಡೆಯೋರೂ ಇಲ್ಲ. ಆದರೂ ಬಿ.ಎಸ್ಸಿ. ನರ್ಸಿಂಗ್ ಎರಡನೇ ಸೆಮಿಸ್ಟರ್‌ನಲ್ಲಿರೋ ನಾನು ದಿನಾ ವಾಟ್ಸಾಪ್‌ಗಿಂತ ಮೊದಲು ತೆಗೆಯೋದು ಇದನ್ನೇ. ಆಂಡ್ರಾಯ್ಡ್ ಫೋನಿಗೆ ಪೂರ್ತಿ ಪುಕ್ಕಟೆ, ಜಾಹೀರಾತು ಇಲ್ಲ, ಒಮ್ಮೆ ಇಳಿಸ್ಕೊಂಡರೆ ಓದೋಕೆ ನೆಟ್ ಬೇಡ. ಹೆಸರು ಸರಿಯಾಗಿ ನೋಡಿ ಹಾಕ್ಕೊಳ್ಳಿ: ಆಂಕಿಡ್ರಾಯ್ಡ್. ‘ಆಂಕಿ’ ಅಂತ ಹೆಸರಿಟ್ಟುಕೊಂಡು ತಿಂಗಳಿಗಿಷ್ಟು ದುಡ್ಡು ಕೇಳೋ ಬೇರೆ ಆ್ಯಪ್‌ಗಳೂ ಇವೆ, ಅವು ಇದಲ್ಲ. ಐಫೋನ್ ಇದ್ದವರಿಗೆ ಮಾತ್ರ ಕಷ್ಟ. ಐಫೋನ್‌ಗಿರೋ ಅಸಲಿ ಆಂಕಿ ಆ್ಯಪ್‌ಗೆ ಸುಮಾರು 25 ಡಾಲರ್ ಕೊಡಬೇಕು. ಬೇಡ ಅಂದ್ರೆ ಬ್ರೌಸರ್‌ನಲ್ಲಿ ಆಂಕಿವೆಬ್ ತೆಗೆದು ಪುಕ್ಕಟೆ ಓದಬಹುದು, ಅದಕ್ಕೆ ನೆಟ್ ಬೇಕು.

ನರ್ಸಿಂಗ್ ಅಂದ್ರೆ ಇಂಜೆಕ್ಷನ್ ಕೊಡೋದು, ಬಿಪಿ ನೋಡೋದು, ಅದಕ್ಕೇನು ಅಷ್ಟು ಓದು ಅಂತ ನಮ್ಮ ಓಣಿಯಲ್ಲಿ ಈಗಲೂ ಕೇಳ್ತಾರೆ. ಅವರಿಗೋಸ್ಕರ ಸ್ವಲ್ಪ ಹೇಳ್ತೀನಿ. ಮೊದಲ ಸೆಮಿಸ್ಟರ್‌ಗೆ ಅಪ್ಲೈಡ್ ಅನಾಟಮಿ, ಅಪ್ಲೈಡ್ ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷ್, ಜೊತೆಗೆ ನರ್ಸಿಂಗ್ ಫೌಂಡೇಶನ್. ಅನಾಟಮಿ, ಫಿಸಿಯಾಲಜಿ ಎರಡೂ ಸೇರಿ 75 ಅಂಕದ ಒಂದೇ ಪೇಪರ್: ಅನಾಟಮಿಗೆ 37, ಫಿಸಿಯಾಲಜಿಗೆ 38. ಅಂಕ ಹಂಚಿಕೊಂಡಿವೆ ಅಂತ ಪಾಠ ಅರ್ಧ ಆಗಿಲ್ಲ. ಇಡೀ ದೇಹದ ರಚನೆ ಒಂದು ಕಡೆ, ಇಡೀ ದೇಹದ ಕೆಲಸ ಇನ್ನೊಂದು ಕಡೆ. ಪಿಯುಸಿಯಲ್ಲಿ ನಾವು ಬರೆದಾಗ 35 ಬಂದರೆ ದಾಟ್ತಿದ್ವಿ, ಇಲ್ಲಿ ಮುಖ್ಯ ವಿಷಯಗಳಿಗೆ ಶೇ 50 ಬೇಕು, ಥಿಯರಿಗೆ ಬೇರೆ, ಪ್ರಾಕ್ಟಿಕಲ್‌ಗೆ ಬೇರೆ. ಹಾಜರಾತಿ ಶೇ 80. ಇದರ ಮಧ್ಯೆ ಇಂಟರ್ನಲ್ಸು, ರೆಕಾರ್ಡು, ಪ್ರೊಸೀಜರ್ ಬುಕ್ಕು, ಆಸ್ಪತ್ರೆ ಪೋಸ್ಟಿಂಗು. ಪೋಸ್ಟಿಂಗ್ ದಿನ ಮನೆಗೆ ಬಂದು ಶೂ ಬಿಚ್ಚಿದರೆ ಪುಸ್ತಕ ತೆಗೆಯೋ ಶಕ್ತಿ ಇರಲ್ಲ.

ನಾನು ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿಗೆ ಓಡಾಡೋನು. ಹಾಸ್ಟೆಲ್‌ನವರಿಗೆ ಸಿಗೋ ಸಂಜೆ ನನಗೆ ಸಿಗಲ್ಲ, ನನಗೆ ಸಿಗೋದು ಬಸ್ಸು. ಪಿ.ಬಿ. ರೋಡಿನಲ್ಲಿ ಬಾತಿ ದಾಟೋವರೆಗೆ ಬಹಳ ದಿನ ನಿಂತೇ ಹೋಗ್ತೀನಿ. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡ್ಕೊಂಡು ರಾಸ್ ಅಂಡ್ ವಿಲ್ಸನ್‌ನಂಥ ದಪ್ಪ ಪುಸ್ತಕ ತೆಗೆದು ಓದೋದು ಸಾಧ್ಯವೇ? ಆದರೆ ಹೆಬ್ಬೆರಳು ಒಂದಿದ್ದರೆ ಈ ಆ್ಯಪ್ ನಡೆಯುತ್ತೆ. ಒಮ್ಮೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಹಳ ಹೊತ್ತು ನನ್ನ ಫೋನನ್ನೇ ನೋಡಿ, “ಏನಪಾ ಇದು, ಬೆಳಬೆಳಿಗ್ಗೆ ಬರೀ ಎಲುಬು ನೋಡ್ತೀಯಲ್ಲ, ನಿಮ್ಮನ್ಯಾಗೆ ಎಲ್ರೂ ಹುಷಾರದಾರಾ?” ಅಂತ ಕೇಳಿದರು.

ಕೆಲಸ ಮಾಡೋ ರೀತಿ ಸರಳ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮನಸ್ಸಲ್ಲೇ ಉತ್ತರ ಹೇಳ್ಕೊಂಡು ಆಮೇಲೆ ತಿರುಗಿಸಬೇಕು. ಆಗ ನಾಲ್ಕು ಬಟನ್ ಬರುತ್ತೆ: ಅಗೇನ್, ಹಾರ್ಡ್, ಗುಡ್, ಈಸಿ. ನೆನಪಿಗೆ ಬರಲೇ ಇಲ್ಲ ಅಂದ್ರೆ ಅಗೇನ್, ಆ ಕಾರ್ಡು ಸ್ವಲ್ಪ ಹೊತ್ತಿಗೇ ಮತ್ತೆ ಎದುರಿಗೆ ಬರುತ್ತೆ. ಬಂತು ಅಂದ್ರೆ ಗುಡ್, ಆಗ ಮೊದಲು ಒಂದೆರಡು ದಿನ, ಆಮೇಲೆ ವಾರ, ಆಮೇಲೆ ತಿಂಗಳು ಅಂತ ದೂರ ದೂರ ಹೋಗುತ್ತೆ. ಗಟ್ಟಿಯಾಗಿದ್ದು ಅಪರೂಪಕ್ಕೆ ಬರುತ್ತೆ, ಕೈಕೊಡೋದು ಬೆನ್ನು ಬಿಡಲ್ಲ. ಒಂದು ಎಚ್ಚರಿಕೆ: ಮರೆತಿದ್ದರೆ ಮುಲಾಜಿಲ್ಲದೆ ಅಗೇನ್ ಒತ್ತಿ. ಹಾರ್ಡ್ ಒತ್ತಿದರೆ ‘ಕಷ್ಟಪಟ್ಟಾದರೂ ಬಂತು’ ಅಂತಲೇ ಆ್ಯಪ್ ತಿಳ್ಕೊಳ್ಳುತ್ತೆ, ಲೆಕ್ಕ ಎಲ್ಲ ಕೆಟ್ಟುಹೋಗುತ್ತೆ.

ಇದರ ಹಿಂದಿನ ತತ್ವ ನಮ್ಮ ಸೈಕಾಲಜಿ ಪಾಠದಲ್ಲೇ ಇದೆ. ಹರ್ಮನ್ ಎಬ್ಬಿಂಗ್‌ಹಾಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತು ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ದಿನವೇ ಹೆಚ್ಚು ಸೋರಿಹೋಗುತ್ತೆ, ಮಧ್ಯೆ ಮಧ್ಯೆ ಬಿಟ್ಟು ನೆನಪಿಸ್ಕೊಂಡರೆ ಸೋರಿಕೆ ಕಡಿಮೆ. ನಾವೆಲ್ಲ ಇದನ್ನು ಶಾರ್ಟ್ ನೋಟ್ ಅಂತ ಓದಿ ಬರೆದ್ವಿ, ಓದೋ ರೀತಿ ಮಾತ್ರ ಪರೀಕ್ಷೆ ಹಿಂದಿನ ರಾತ್ರಿಯದೇ. ಸಿಇಟಿಯಿಂದ ಬಂದ ಅಭ್ಯಾಸ ಬೇರೆ ಇರುತ್ತೆ. ಅಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ನಾಲ್ಕರಲ್ಲಿ ಒಂದನ್ನು ಗುರುತಿಸಿದರೆ ಸಾಕು, ತಪ್ಪಾದರೆ ಅಂಕ ಕಳೆಯಲ್ಲ. ಕಂಡಾಗ ಗುರುತು ಹಿಡಿಯೋದೇ ಬೇರೆ, ಬಿಳಿ ಹಾಳೆ ಮುಂದೆ ಕೂತಾಗ ತಲೆಯೊಳಗಿಂದ ತೆಗೆಯೋದೇ ಬೇರೆ. ಪುಸ್ತಕವನ್ನು ಎರಡನೇ ಸಲ ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತಲ್ಲ, ಆ ಭ್ರಮೆಯನ್ನು ಈ ಆ್ಯಪ್ ಐದೇ ನಿಮಿಷದಲ್ಲಿ ಇಳಿಸುತ್ತೆ. ನನಗೆ ಇದರ ದೊಡ್ಡ ಉಪಕಾರ ಇದೇ.

ಈಗ ಕಾರ್ಡಿನ ವಿಷಯ, ಯಾಕಂದ್ರೆ ಎಲ್ಲ ಇರೋದು ಇಲ್ಲೇ. ರೆಡಿಮೇಡ್ ಡೆಕ್‌ಗಳು, ಅಂದ್ರೆ ಕಾರ್ಡಿನ ಕಟ್ಟುಗಳು, ಇಂಟರ್‌ನೆಟ್‌ನಲ್ಲಿ ರಾಶಿ ಸಿಗುತ್ತವೆ. ಹೆಚ್ಚಿನವು ಬೇರೆ ದೇಶದಲ್ಲಿ ಡಾಕ್ಟರ್ ಓದೋರು ಮಾಡಿದ್ದು, ಒಂದೊಂದರಲ್ಲಿ ಸಾವಿರಗಟ್ಟಲೆ ಕಾರ್ಡು. ನಮ್ಮ ಸಿಲಬಸ್‌ಗೆ ಬೇಡದ್ದು ಬೇಕಾದಷ್ಟು, ನಮ್ಮ ಮೇಡಂ ಒತ್ತಿ ಹೇಳಿದ್ದು ಒಂದೂ ಇರಲ್ಲ. ಅವನ್ನು ಹಾಕ್ಕೊಂಡವರು ವಾರದೊಳಗೆ ಆ್ಯಪ್ ತೆಗೆದುಹಾಕಿದ್ದನ್ನು ನಮ್ಮ ಕ್ಲಾಸಲ್ಲೇ ನೋಡಿದ್ದೀನಿ. ಕಾರ್ಡನ್ನು ನೀವೇ ಮಾಡಬೇಕು. ಮಾಡೋದರಲ್ಲೇ ಅರ್ಧ ಓದು ಮುಗಿಯುತ್ತೆ.

ಒಂದು ಕಾರ್ಡಿಗೆ ಒಂದೇ ವಿಷಯ. ‘ಹೃದಯದ ರಚನೆ ವಿವರಿಸಿ’ ಅಂತ ಕಾರ್ಡು ಮಾಡಿದರೆ ಅದು ಯಾವತ್ತೂ ಪೂರ್ತಿ ನೆನಪಿಗೆ ಬರಲ್ಲ, ಬಂತೋ ಇಲ್ಲವೋ ಅಂತ ನಿಮಗೇ ತೀರ್ಮಾನ ಆಗಲ್ಲ. ‘ಟ್ರೈಕಸ್ಪಿಡ್ ಕವಾಟ ಯಾವ ಎರಡರ ನಡುವೆ?’ ಅಂದ್ರೆ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಮುಗೀತು. ಫಿಸಿಯಾಲಜಿಗೆ ಲೆಕ್ಕದ ಕಾರ್ಡು ಚೆನ್ನಾಗಿ ಕೂರುತ್ತೆ: ಒಂದು ಬಡಿತಕ್ಕೆ 70 ಮಿ.ಲೀ., ನಿಮಿಷಕ್ಕೆ 72 ಬಡಿತ, ಹಾಗಾದರೆ ಕಾರ್ಡಿಯಾಕ್ ಔಟ್‌ಪುಟ್, ಅಂದ್ರೆ ಹೃದಯ ನಿಮಿಷಕ್ಕೆ ಹೊರಹಾಕೋ ರಕ್ತ, ಎಷ್ಟು? ಹತ್ತಿರ ಹತ್ತಿರ 5 ಲೀಟರ್. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಅದಕ್ಕೆ ಪ್ರಶ್ನೆ ಇಂಗ್ಲಿಷ್‌ನಲ್ಲಿ ಹಾಕಿ, ಉತ್ತರದ ಕೆಳಗೆ ಕನ್ನಡದಲ್ಲಿ ಒಂದು ಸಾಲು ವಿವರಣೆ ಬರೆದುಕೊಳ್ತೀನಿ. ಕನ್ನಡ ಅಕ್ಷರ ಇದರಲ್ಲಿ ಸರಿಯಾಗೇ ಬರುತ್ತೆ, ಎಲ್ಲೂ ಒಡೆಯಲ್ಲ.

ಅನಾಟಮಿಗೆ ಇದರಲ್ಲಿರೋ ಇಮೇಜ್ ಅಕ್ಲೂಷನ್ ಅನ್ನೋ ಸೌಲಭ್ಯ ನಿಜಕ್ಕೂ ಚಿನ್ನ. ಚಿತ್ರದ ಫೋಟೋ ಹಾಕಿ, ಹೆಸರುಗಳ ಮೇಲೆ ಚೌಕ ಎಳೆದು ಮುಚ್ಚೋದು. ಒಂದೊಂದು ಚೌಕವೂ ಒಂದೊಂದು ಪ್ರಶ್ನೆ ಆಗುತ್ತೆ. ಮಣಿಕಟ್ಟಿನ ಎಂಟು ಎಲುಬು ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರಪೀಜಿಯಂ, ಟ್ರಪೀಜಾಯ್ಡ್, ಕ್ಯಾಪಿಟೇಟ್, ಹೇಮೇಟ್ ನನಗೆ ಬಂದಿದ್ದು ಹೀಗೆ. ಸಾಲಾಗಿ ಬಾಯಿಪಾಠ ಹೇಳೋರಿಗೆ ಮಧ್ಯದ ಒಂದನ್ನು ಬೆರಳಿಟ್ಟು ತೋರಿಸಿ ಕೇಳಿದರೆ ಮೊದಲಿಂದ ಎಣಿಸ್ತಾರೆ, ಚಿತ್ರ ಮುಚ್ಚಿ ಕಲಿತವರು ಎಣಿಸಲ್ಲ. ವೈವಾದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ. ಪುಸ್ತಕದ ಫೋಟೋಗಿಂತ ನೀವೇ ಬರೆದ ಚಿತ್ರದ ಫೋಟೋ ಹಾಕಿ, ಪರೀಕ್ಷೆಯಲ್ಲಿ ಬರೆಯೋದು ಅದನ್ನೇ ತಾನೆ.

ಒಂದು ಕಾರ್ಡು ಎಂಟು ಸಲ ಕೈಕೊಟ್ಟರೆ ಆ್ಯಪ್ ಅದಕ್ಕೆ ಗುರುತು ಹಾಕುತ್ತೆ, ಸೆಟ್ಟಿಂಗ್ಸ್‌ನಲ್ಲಿ ಹಾಗೆ ಇಟ್ಟಿದ್ದರೆ ಬದಿಗೂ ಸರಿಸುತ್ತೆ. ಮೊದಲು ನನಗೆ ಇದು ಕಿರಿಕಿರಿ ಅನ್ನಿಸ್ತು. ಈಗ ಅನ್ನಿಸೋದು, ಹಾಗೆ ಸರಿದದ್ದು ಪ್ರಶ್ನೆಯೇ ಸರಿ ಇಲ್ಲದ ಕಾರ್ಡು ಅಂತ. ಬ್ರೇಕಿಯಲ್ ಪ್ಲೆಕ್ಸಸ್, ಅಂದ್ರೆ ತೋಳಿಗೆ ಹೋಗೋ ನರಗಳ ಜಾಲ, ಇಡಿಯಾಗಿ ಒಂದೇ ಕಾರ್ಡಲ್ಲಿತ್ತು, ಒಮ್ಮೆಯೂ ಬರಲಿಲ್ಲ. ಒಡೆದು ಹಾಕಿದೆ: ಬೇರು ಸಿ5ರಿಂದ ಟಿ1ವರೆಗೆ ಐದು, ಟ್ರಂಕ್ ಮೂರು, ಡಿವಿಷನ್ ಆರು, ಕಾರ್ಡ್ (cord, ನರದ ಹುರಿ) ಮೂರು, ಕೊನೆಗೆ ಮುಖ್ಯ ನರ ಐದು. ಬಂತು.

ಹೊರೆ ಇಳಿಸೋ ಆ್ಯಪ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೊರೆ ಅಷ್ಟೇ ಇರುತ್ತೆ, ದಿನಗಳ ಮೇಲೆ ಹಂಚಿಹೋಗುತ್ತೆ. ಹಂಚಿದ್ದನ್ನು ದಿನಾ ಹೊರಲೇಬೇಕು. ಸಾಲದ ಕಂತಿನ ಹಾಗೆ, ಒಂದೆರಡು ದಿನ ಬಿಟ್ಟರೆ ಬಾಕಿ ಸೇರ್ಕೊಂಡು ಎದುರಿಗೆ ನಿಲ್ಲುತ್ತೆ. ಆ್ಯಪ್‌ನವರು ಮೊದಲೇ ಇಟ್ಟಿರೋ ಲೆಕ್ಕ ದಿನಕ್ಕೆ 20 ಹೊಸ ಕಾರ್ಡು. ಕಡಿಮೆ ಅನ್ನಿಸುತ್ತೆ, ಆದರೆ ಹಳೆಯವು ತಿರುಗಿ ಬರ್ತಾ ಬರ್ತಾ ಕೆಲವೇ ವಾರದಲ್ಲಿ ದಿನಕ್ಕೆ ನೂರು ದಾಟುತ್ತೆ. ಕಾಲೇಜು, ಪೋಸ್ಟಿಂಗ್ ಎರಡೂ ಇರೋರಿಗೆ 10 ಸಾಕು. ಇಂಟರ್ನಲ್ಸ್ ವಾರ ಹೊಸದನ್ನು ಸೊನ್ನೆ ಮಾಡಿ, ಬರೀ ಹಳೆಯದು ಓದಿ. ಸೆಟ್ಟಿಂಗ್ಸ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಅಂತ ಒಂದಿದೆ, ನಿಮ್ಮ ಮರೆವಿಗೆ ತಕ್ಕ ಹಾಗೆ ದಿನ ಎಣಿಸೋ ಪದ್ಧತಿ. ಅದನ್ನು ಆನ್ ಮಾಡಿ, ಎಷ್ಟು ನೆನಪಿರಬೇಕು ಅನ್ನೋ ಗುರಿಯನ್ನು ಶೇ 90ಕ್ಕೆ ಬಿಡಿ. ಆಸೆ ಬಿದ್ದು 97, 98 ಅಂತ ಏರಿಸಿದರೆ ಕಾರ್ಡುಗಳು ಮೈಮೇಲೆ ಬೀಳುತ್ತವೆ.

ಎಲ್ಲಿ ಇದು ಕೈಕೊಡುತ್ತೆ ಅನ್ನೋದನ್ನೂ ಹೇಳಬೇಕು. ಹತ್ತು ಅಂಕದ ಪ್ರಶ್ನೆ ಬರೆಯೋದನ್ನು ಇದು ಕಲಿಸಲ್ಲ. ಮೂತ್ರಪಿಂಡದ ಸೋಸೋ ಘಟಕ ನೆಫ್ರಾನ್‌ನ ಒಂದೊಂದು ಭಾಗವೂ ಗೊತ್ತು, ಆದರೆ ಮೂತ್ರ ತಯಾರಾಗೋ ಬಗೆಯನ್ನು ಶೋಧನೆ, ಮರುಹೀರಿಕೆ, ಸ್ರವಿಕೆ ಅಂತ ತಲೆಬರಹ ಹಾಕಿ, ಚಿತ್ರ ಬರೆದು, ಹೊತ್ತಿಗೆ ಸರಿಯಾಗಿ ಮುಗಿಸೋದು ಕೈಗೆ ಬರಬೇಕು. ಅದಕ್ಕೆ ಝೆರಾಕ್ಸ್ ಅಂಗಡಿಯಲ್ಲಿ ಸಿಗೋ ಹಳೆ ಪ್ರಶ್ನೆಪತ್ರಿಕೆ ಕಟ್ಟು, ಗೆರೆ ಇಲ್ಲದ ಲಾಂಗ್ ಬುಕ್ಕು, ಒಂದು ಗಡಿಯಾರ. ಬೇರೆ ದಾರಿ ಇಲ್ಲ. ಸೋಷಿಯಾಲಜಿಗೆ ನಾನು ಕಾರ್ಡು ಮಾಡಲೇ ಇಲ್ಲ, ಓದಿದರೆ ಬರೆಯಬಹುದು. ಬೆಡ್ ಮೇಕಿಂಗ್, ಕೈ ತೊಳೆಯೋ ಹಂತಗಳು ಇಂಥವಕ್ಕೂ ಫೋನು ವ್ಯರ್ಥ, ಕೈಯಲ್ಲಿ ಮಾಡಿದರೇನೇ ಬರೋದು.

ನಮ್ಮ ಅಕ್ಕ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿ ಸ್ಟಾಫ್ ನರ್ಸ್ ಆಗಿದ್ದಾಳೆ. ಹತ್ತು ಸಲ ಬರೆದು ಕಲಿತ ಕಾಲದವಳು, ಈ ಆ್ಯಪ್ ಅವಳಿಗೆ ಹಿಡಿಸಲಿಲ್ಲ. ಅಪ್ಪಾಜಿಯಂತೂ, “ಏನ್ಲೇ, ಮತ್ತೆ ಫೋನ್ ಹಿಡ್ಕಂಡ್ ಕುಂತಿಯಾ?” ಅನ್ನೋದು ಬಿಟ್ಟಿಲ್ಲ. ಒಂದು ಭಾನುವಾರ ಅಕ್ಕ ಫೋನ್ ಕಿತ್ಕೊಂಡು ಕಾರ್ಡು ಒಂದೊಂದೇ ಕೇಳ್ತಾ ಹೋದಳು. ರಕ್ತದಲ್ಲಿ ಸೋಡಿಯಂ ಎಷ್ಟಿರಬೇಕು? 135ರಿಂದ 145. ಪೊಟ್ಯಾಸಿಯಂ? ಮೂರೂವರೆಯಿಂದ ಐದು. ಜಾಸ್ತಿ ಆದರೆ? ಹೃದಯದ ಬಡಿತ ತಾಳ ತಪ್ಪುತ್ತೆ. ಕೊನೆಗೆ, “ಇವು ವಾರ್ಡಲ್ಲಿ ದಿನಾ ಬೇಕಾಗ್ತವೆ ಕಣೋ, ಬಿಡಬೇಡ” ಅಂದಳು. ಆ್ಯಪ್ ಚೆನ್ನಾಗಿದೆ ಅಂತ ಮಾತ್ರ ಅನ್ನಲಿಲ್ಲ.

ಅನಾಟಮಿ–ಫಿಸಿಯಾಲಜಿ ಪೇಪರ್ ಪಾಸಾಗಿದೆ. ಸಣ್ಣ ಪ್ರಶ್ನೆಗಳನ್ನು ಧೈರ್ಯವಾಗಿ ಬರೆದೆ, ದೊಡ್ಡ ಪ್ರಶ್ನೆಗಳು ಸಾಧಾರಣ. ಈ ಸೆಮಿಸ್ಟರ್ ಬಯೋಕೆಮಿಸ್ಟ್ರಿಗೆ 25, ನ್ಯೂಟ್ರಿಷನ್‌ಗೆ 50 ಸೇರಿ ಒಂದು ಪೇಪರ್. ವಿಟಮಿನ್‌ಗಳು, ಅವುಗಳ ಕೊರತೆಯಿಂದ ಬರೋ ಕಾಯಿಲೆಗಳು, ಎಲ್ಲ ಕಾರ್ಡಿಗೆ ಹೇಳಿ ಮಾಡಿಸಿದಂಥವು. ಕೊಬ್ಬು ಗ್ರಾಮಿಗೆ 9 ಕಿಲೊಕ್ಯಾಲರಿ ಅನ್ನೋ ಕಾರ್ಡು ಯಾಕೋ ನಾನು ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯ್ತಾ ಕೂತಾಗಲೇ ಬರುತ್ತೆ.

ಹಾಕ್ಕೊಳ್ಳೋರು ಮೊದಲ ದಿನವೇ ಆಂಕಿವೆಬ್ ಖಾತೆ ತೆರೆದು ಸಿಂಕ್ ಮಾಡಿಡಿ, ಅದೂ ಪುಕ್ಕಟೆ. ಫೋನ್ ಕಳೆದರೂ ಕೆಟ್ಟರೂ ಕಾರ್ಡು ಉಳಿಯುತ್ತೆ. ನನ್ನ ಡೆಕ್ ಕೊಡು ಅಂತ ಬೇರೆ ಕಾಲೇಜಿನ ಗೆಳೆಯರು ಕೇಳ್ತಿರ್ತಾರೆ. ಚಿತ್ರದ ಕಾರ್ಡು ಮಾತ್ರ ಕೊಡ್ತೀನಿ, ಬರಹದ್ದು ಕೊಡಲ್ಲ. ಅದನ್ನು ನಿಮ್ಮ ಮೇಡಂ ನೋಟ್ಸ್ ನೋಡಿ ನೀವೇ ಮಾಡ್ಕೊಳ್ಳಿ ಅಂತೀನಿ. ಕೆಲವರು ಮುಖ ಊದಿಸ್ಕೊಂಡು ಹೋಗ್ತಾರೆ, ಹೋಗಲಿ ಬಿಡಿ.