ಹೆರಿಗೆಯ ರಕ್ತವನ್ನು ಅಳೆದವರು: ಬೆಳಗಾವಿಯ ಎರಡು ಸಂಶೋಧನಾ ಪ್ರಬಂಧಗಳು

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಭಾಲಚಂದ್ರ ಕೋಡ್ಕಣಿ, ಡಾ. ಶಿವಪ್ರಸಾದ ಗೌಡರ ಹಾಗೂ ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ತಂಡ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನವೆಂದೇ ಹೆಸರಾಗಿದೆ. ಅದೇ ವರ್ಷ ಇದೇ ತಂಡದವರು ರಕ್ತ ಅಳೆಯುವ ಸಾಧನದ ಬಗ್ಗೆ ಬರೆದ ಇನ್ನೊಂದು ಚಿಕ್ಕ ಪ್ರಬಂಧದತ್ತ ಗಮನ ಹರಿಸಿದವರು ಕಡಿಮೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ, ಗುಳಿಗೆಗೆ ಸಂದಷ್ಟೇ ಗೌರವ ಅವರ ಅಳತೆಯ ಸಾಧನಕ್ಕೂ ಸಲ್ಲಬೇಕೆಂದು ನನಗೆ ಅನ್ನಿಸಿದೆ.

ಆ ಸಾಧನ ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ತಕ್ಷಣ ಅದನ್ನು ಬಾಣಂತಿಯ ಕೆಳಗೆ ಹಾಸಿ, ಪಟ್ಟಿಗಳನ್ನು ಸೊಂಟಕ್ಕೆ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ. ಅದರ ಮೇಲೆ ಮಿಲಿಲೀಟರಿನ ಗೆರೆಗಳಿವೆ. ಅದನ್ನು ರೂಪಿಸಿದ ಏಳು ಮಂದಿಯ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಇಟ್ಟ ‘ಬ್ರಾಸ್-ವಿ’ ಎಂಬ ಹೆಸರು ನಾಲಗೆಗೆ ಅಷ್ಟು ಸುಲಭವಲ್ಲವಾದರೂ, ವಸ್ತುವಿನ ಉಪಯೋಗವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಕಣ್ಣಳತೆಯಲ್ಲಿ ಅಂದಾಜಿಸಿದ ರಕ್ತದ ಪ್ರಮಾಣ ಹಾಳೆ ತೋರಿಸಿದ್ದಕ್ಕಿಂತ ಶೇ 33ರಷ್ಟು ಕಡಿಮೆಯಿತ್ತು. ಹಳೆಯ ಸೀರೆಗೆ, ಗೋಣಿತಾಟಿಗೆ, ಸಗಣಿ ಸಾರಿಸಿದ ನೆಲಕ್ಕೆ ಇಂಗಿ ಹೋಗುವ ರಕ್ತ ಎಷ್ಟೆಂದು ಅನುಭವಿ ಸೂಲಗಿತ್ತಿಯಾದರೂ ಹೇಗೆ ಹೇಳಿಯಾಳು? ಐನೂರು ಮಿಲಿಲೀಟರ್ ದಾಟಿದರೆ ಅಪಾಯವೆಂದು ಪಠ್ಯಪುಸ್ತಕದಲ್ಲಿ ಬರೆದಿದ್ದರೂ, ದಾಟಿತೆಂದು ತಿಳಿಯುವ ದಾರಿ ಹಳ್ಳಿಯ ಮನೆಯಲ್ಲಿ ಇರಲಿಲ್ಲ.

ಇನ್ನು ಗುಳಿಗೆಯ ಅಧ್ಯಯನ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ 1620 ಮಹಿಳೆಯರ ಮೇಲೆ ನಡೆದ ಈ ಪ್ರಯೋಗದಲ್ಲಿ 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ ನೀಡಲಾಯಿತು. ಹೆರಿಗೆಗಳು ನಡೆದದ್ದು ಮನೆಗಳಲ್ಲಿ ಮತ್ತು ಹಳ್ಳಿಯ ಉಪಕೇಂದ್ರಗಳಲ್ಲಿ. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತವನ್ನು ಅಳೆದವರು ಹಳ್ಳಿಗಳ ಆರೋಗ್ಯ ಸಹಾಯಕಿಯರಾದ 25 ಮಂದಿ ಎಎನ್‌ಎಂಗಳು. ಗರ್ಭಕೋಶವನ್ನು ಬಿಗಿಯಾಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು, ಸೂಜಿ ಬೇಕು. ಗುಳಿಗೆಗೆ ಅವೆರಡೂ ಬೇಡ. ಹೆರಿಗೆ ನಂತರದ ರಕ್ತಸ್ರಾವ, ಅಂದರೆ ಐನೂರು ಮಿಲಿಲೀಟರ್ ಮುಟ್ಟಿದ ನಷ್ಟ, ಹುಸಿಗುಳಿಗೆಯವರಲ್ಲಿದ್ದ ಶೇ 12ರಿಂದ ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ಶೇ 6.4ಕ್ಕೂ, ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೂ ಇಳಿಯಿತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬುದು ಲೆಕ್ಕ.

ಸರಾಸರಿ ರಕ್ತನಷ್ಟ ಇಳಿದದ್ದು 262.3ರಿಂದ 214.3 ಮಿಲಿಲೀಟರಿಗೆ ಮಾತ್ರ. ಅರ್ಧ ಲೋಟ ಚಹಾದಷ್ಟು ವ್ಯತ್ಯಾಸಕ್ಕೆ ಇಷ್ಟು ಶ್ರಮವೇ ಎಂದು ಈ ಅಂಕಿಯೊಂದನ್ನೇ ನೋಡಿದವರು ಕೇಳಬಹುದು. ಸರಾಸರಿಯಲ್ಲಿ ಹೆಚ್ಚಿನವರು ಹೇಗೂ ಕಡಿಮೆ ರಕ್ತ ಹರಿಸುವ ಬಾಣಂತಿಯರೇ. ಗುಳಿಗೆ ಕಾಪಾಡಬೇಕಾದ ಕೆಲವರು ಅವರ ನಡುವೆ ಕಾಣದೆ ಹೋಗುತ್ತಾರೆ. ಅದರಲ್ಲೂ ಮೊದಲೇ ರಕ್ತಹೀನತೆಯಿಂದ ಬಳಲುವ ಹೆಣ್ಣಿಗೆ, ಗಟ್ಟಿಮುಟ್ಟಾದವಳು ತಾಳಿಕೊಳ್ಳುವ ನಷ್ಟವೇ ಪ್ರಾಣಕ್ಕೆ ಬರಬಹುದು.

ಅಧ್ಯಯನದ ಮಿತಿಗಳನ್ನೂ ಹೇಳಲೇಬೇಕು. 1620 ಮಂದಿಯ ಪ್ರಯೋಗದಿಂದ ಸಾವು ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗದು. ಅದಕ್ಕೆ ಬಹಳ ದೊಡ್ಡ ಸಂಖ್ಯೆ ಬೇಕು. ತರಬೇತಿ ಪಡೆದ ಎಎನ್‌ಎಂ ಪಕ್ಕದಲ್ಲಿದ್ದಾಗ ಸಿಕ್ಕ ಫಲಿತಾಂಶವನ್ನು, ಯಾರೂ ಇಲ್ಲದೆ ತಾನೇ ಗುಳಿಗೆ ನುಂಗುವ ಬಾಣಂತಿಗೆ ಹಾಗೆಯೇ ಅನ್ವಯಿಸಲೂ ಬರುವುದಿಲ್ಲ. ಗುಳಿಗೆಯಿಂದ ಕೆಲಹೊತ್ತು ಚಳಿನಡುಕ, ಜ್ವರ ಕಾಣಿಸಿಕೊಳ್ಳುತ್ತವೆ. ವೈದ್ಯರಿಗೆ ಅದು ತಾನಾಗಿ ಇಳಿಯುವ ಅಡ್ಡಪರಿಣಾಮ. ಆದರೆ ನಡುಗುವ ಬಾಣಂತಿಯನ್ನು ಕಂಡ ನಮ್ಮ ಮನೆಯ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕಂಗಾಲಾಗುತ್ತಾರೆ. ಎಎನ್‌ಎಂ ಇದನ್ನು ಮನೆಯವರಿಗೆ ಮೊದಲೇ ತಿಳಿಸದಿದ್ದರೆ ಗುಳಿಗೆಗೇ ಕೆಟ್ಟ ಹೆಸರು ಬರುವುದು ಖಂಡಿತ.

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ, ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಹಾಳೆ ಮತ್ತೆ ಸುದ್ದಿಯಾದದ್ದು 2023ರಲ್ಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದ ‘ಇ-ಮೋಟಿವ್’ ಪ್ರಯೋಗದಲ್ಲಿ, ಇಂಥದೇ ಹಾಳೆಯಿಂದ ಅಳೆದು ಕೂಡಲೇ ಚಿಕಿತ್ಸೆ ಆರಂಭಿಸಿದ ಕಡೆ ರಕ್ತಸ್ರಾವದ ಶೇ 93.1 ಪ್ರಕರಣಗಳು ಗುರುತಿಗೆ ಸಿಕ್ಕವು. ಎಂದಿನ ರೀತಿಯಲ್ಲೇ ನಡೆದ ಕಡೆ ಸಿಕ್ಕದ್ದು ಶೇ 51.1. ನರ್ಸಿಂಗ್ ವಿದ್ಯಾರ್ಥಿಗಳು ಈ ಹೊಸ ಅಧ್ಯಯನವನ್ನು ಕೈಗೆತ್ತಿಕೊಳ್ಳುವ ಮೊದಲು ಬೆಳಗಾವಿಯ ಎರಡನ್ನೂ ಓದಿಕೊಳ್ಳುವುದು ಒಳ್ಳೆಯದು. ಅದರಲ್ಲೂ 123 ಹೆರಿಗೆಗಳ ಚಿಕ್ಕದನ್ನು ಮೊದಲು.