ಅಮೆಜಾನ್ ಎಸ್‌ಇಎಸ್ (ವೆಬ್‌ಸೈಟ್ ಪರವಾಗಿ ಮೇಲ್ ಕಳಿಸಿಕೊಡೋ ಸರ್ವಿಸ್): ಒಂದೂವರೆ ವರ್ಷ ಬಳಸಿದ ಮೇಲೆ

ನಮ್ಮ ಭಾವಂದು ಚಿಕ್ಕಮಗಳೂರಲ್ಲಿ ಕಾಫಿಪುಡಿ ಅಂಗಡಿ. ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನೇ, ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಅನ್ನೋ ಅಂಗಡಿ ಪ್ಲಗಿನ್ ಹಾಕಿ, ಹಾಗಾಗಿ ಅದರಲ್ಲಿ ಏನು ಕೆಟ್ರೂ ಬೈಗುಳ ಬರೋದು ನನಗೇ. "ಏನೋ ಮಾರಾಯ, ದುಡ್ಡು ಕಟ್ ಆಗಿದೆ ಮೇಲ್ ಬಂದಿಲ್ಲ ಅಂತ ಬೆಳಗ್ಗೆಯಿಂದ ಜನ ಫೋನ್ ಮಾಡಿ ಜೀವ ತಿಂತಿದಾರೆ, ನಾನು ಪುಡಿ ಮಾಡ್ಲೋ ಇವ್ರಿಗೆಲ್ಲ ಸಮಾಧಾನ ಹೇಳ್ಲೋ" ಅಂತ ಒಂದಿನ ಶುರು ಮಾಡಿದ್ರು. ನೋಡಿದ್ರೆ ಆರ್ಡರ್ ಕನ್ಫರ್ಮೇಶನ್ ಮೇಲ್‌ಗಳಲ್ಲಿ ಅರ್ಧ ಸ್ಪ್ಯಾಮ್‌ಗೆ ಹೋಗಿವೆ, ಇನ್ನರ್ಧ ಜಿಮೇಲ್ ಬಾಗಿಲಲ್ಲೇ 550 5.7.26 ಅನ್ನೋ ಎರರ್ ಹೊತ್ಕೊಂಡು ವಾಪಸ್ ಬಂದಿವೆ. ಅಂದ್ರೆ ಈ ಮೇಲ್ ನಿಜವಾಗ್ಲೂ ನೀವೇ ಕಳ್ಸಿದ್ದು ಅನ್ನೋದಕ್ಕೆ ಗುರುತಿನ ಚೀಟಿ ಇಲ್ಲ, ಹೋಗಿ ಅಂತ.

ಕಾರಣ ದೊಡ್ಡದೇನಲ್ಲ. ವರ್ಡ್‌ಪ್ರೆಸ್ ತನ್ನ ಪಾಡಿಗೆ ಬಿಟ್ರೆ ಹೋಸ್ಟಿಂಗ್ ಸರ್ವರ್‌ನಲ್ಲಿರೋ ಪಿಎಚ್‌ಪಿ ಮೇಲ್ ಅನ್ನೋ ಸಾದಾ ವ್ಯವಸ್ಥೆಯಿಂದಾನೇ ಕಳಿಸತ್ತೆ. ನಮ್ದು ಅಗ್ಗದ ಶೇರ್ಡ್ ಹೋಸ್ಟಿಂಗ್, ಒಂದೇ ಐಪಿ (ಸರ್ವರ್‌ನ ಇಂಟರ್ನೆಟ್ ವಿಳಾಸ) ಮೇಲೆ ಎಷ್ಟು ಸೈಟ್ ಇದಾವೋ ದೇವರಿಗೇ ಗೊತ್ತು, ಅದ್ರಲ್ಲಿ ಯಾವನೋ ಒಬ್ಬ ಲಾಟರಿ ಮೇಲ್ ಕಳ್ಸಿ ಐಪಿ ಬ್ಲಾಕ್‌ಲಿಸ್ಟ್ ಸೇರಿದ್ರೆ ಕಾಫಿಪುಡಿ ಬಿಲ್ಲೂ ಅದ್ರ ಜೊತೆಗೇ ಮುಳುಗತ್ತೆ. ಮೇಲಾಗಿ 2024ರ ಫೆಬ್ರವರಿಯಿಂದ ಜಿಮೇಲ್ ರೂಲ್ಸ್ ಬಿಗಿ ಮಾಡಿದೆ, ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ (ಈ ಡೊಮೇನ್ ಹೆಸ್ರಲ್ಲಿ ಯಾವ ಸರ್ವರ್ ಕಳಿಸ್ಬಹುದು ಅನ್ನೋ ಪಟ್ಟಿ) ಅಥವಾ ಡಿಕಿಮ್ (ಮೇಲ್ ಮೇಲಿನ ಡಿಜಿಟಲ್ ಸಹಿ) ಎರಡರಲ್ಲಿ ಒಂದಾದ್ರೂ ಬೇಕೇ ಬೇಕು, ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸೋರಿಗೆ ಅವೆರಡರ ಜೊತೆ ಡಿಮಾರ್ಕ್ (ಗುರುತು ಹೊಂದದ ಮೇಲ್‌ನ ಏನ್ ಮಾಡ್ಬೇಕು ಅನ್ನೋ ಸೂಚನೆ) ಕೂಡ. ನಮ್ಮ ಸೈಟಿಂದ ಹೋಗೋ ಮೇಲ್‌ಗೆ ಇದ್ರಲ್ಲಿ ಒಂದೂ ಇರ್ಲಿಲ್ಲ.

ಹಾಗೆ ಎಸ್‌ಇಎಸ್‌ಗೆ ಬಂದಿದ್ದು. ರೇಟಿನ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ, ಸಾವಿರ ಮೇಲ್‌ಗೆ 10 ಸೆಂಟ್, ನಮ್ಮದು ತಿಂಗಳಿಗೆ ಮೂರು ಸಾವಿರ ಚಿಲ್ರೆ ಮೇಲ್ ಹೋಗತ್ತೆ, ಬಿಲ್ಲು ಒಂದು ಒಳ್ಳೆ ಹೋಟೆಲ್ ಕಾಫಿ ದುಡ್ಡೂ ಆಗಲ್ಲ.

ಆದ್ರೆ ಸೆಟಪ್ ಇದ್ಯಲ್ಲ, ಅದು ದುಡ್ಡಿನ ಬದಲು ತಲೆ ತಿನ್ನತ್ತೆ. ಮೊದಲು ಸ್ಯಾಂಡ್‌ಬಾಕ್ಸ್ ಅನ್ನೋ ಪರೀಕ್ಷಾ ಮೋಡ್‌ನಲ್ಲಿ ಕೂರಿಸ್ತಾರೆ, ದಿನಕ್ಕೆ 200 ಮೇಲ್, ಸೆಕೆಂಡಿಗೆ ಒಂದು, ಅದೂ ನೀವೇ ವೆರಿಫೈ ಮಾಡಿದ ಅಡ್ರೆಸ್‌ಗಳಿಗೆ ಮಾತ್ರ. ಹೊರಗೆ ಬರ್ಬೇಕು ಅಂದ್ರೆ ಏನು ಕಳಿಸ್ತೀರಿ, ಲಿಸ್ಟ್ ಎಲ್ಲಿಂದ ಬಂತು, ಬೌನ್ಸ್ ಆದ್ರೆ (ಮೇಲ್ ತಲುಪದೇ ವಾಪಸ್ ಬಂದ್ರೆ) ಏನ್ ಮಾಡ್ತೀರಿ ಅಂತೆಲ್ಲ ಬರ್ದು ಅರ್ಜಿ ಹಾಕ್ಬೇಕು. ಇದನ್ನ ಕಾಟಾಚಾರಕ್ಕೆ ಎರಡು ಸಾಲು ಗೀಚಿ ಬಿಡ್ಬೇಡಿ, ಸಂತೇಲಿ ಹೇಳ್ದಂಗೆ ಬಿಡಿಸಿ ಹೇಳಿ. ಡಿಕಿಮ್‌ಗೆ ಮೂರು ಸಿನೇಮ್ (CNAME, ಒಂದು ಹೆಸ್ರನ್ನ ಇನ್ನೊಂದಕ್ಕೆ ಜೋಡಿಸೋ) ರೆಕಾರ್ಡ್ ಕೊಡ್ತಾರೆ, ಅದನ್ನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿಳಾಸ ಪುಸ್ತಕ ಅನ್ನಿ) ಹಾಕೋವಾಗ ಎಡವೋ ಜಾಗ ಒಂದಿದೆ, ಎಷ್ಟೋ ಡಿಎನ್‌ಎಸ್ ಪ್ಯಾನೆಲ್‌ಗಳು ಡೊಮೇನ್ ಹೆಸ್ರನ್ನ ತಾವೇ ಕೊನೆಗೆ ಸೇರಿಸ್ತವೆ, ನೀವೂ ಪೂರ್ತಿ ಪೇಸ್ಟ್ ಮಾಡಿದ್ರೆ ಹೆಸ್ರು ಎರಡು ಸಲ ಆಗಿ ವೆರಿಫೈ ಆಗದೇ ಪೆಂಡಿಂಗ್ ಅಂತಾನೇ ಕೂತಿರತ್ತೆ. ನಾನು ಒಂದಿಡೀ ಭಾನುವಾರ ಇದಕ್ಕೇ ಕಳ್ಕೊಂಡೆ.

ಇನ್ನೊಂದು ಪೆದ್ದತನ ಪೂರ್ತಿ ನಂದೇ. ಭಾವನ ಮಾಮೂಲಿ ಮೇಲ್‌ಬಾಕ್ಸ್‌ಗೆ ಅಂತ ಡೊಮೇನ್ ಮೇಲೆ ಆಗಲೇ ಒಂದು ಎಸ್‌ಪಿಎಫ್ ಇತ್ತು, ಅದರ ಪಕ್ಕದಲ್ಲಿ ಎಸ್‌ಇಎಸ್‌ದು ಅಂತ ಇನ್ನೊಂದು ಹಾಕಿದೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರ್ಬೇಕು, ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ. ಅಲ್ಲೀವರೆಗೆ ಸರಿಯಾಗಿ ಹೋಗ್ತಿದ್ದ ಮೇಲೂ ಕೆಟ್ಟು, ಎಸ್ಟೇಟ್‌ನವ್ರಿಗೆ ಭಾವ ಕಳ್ಸಿದ ರೇಟ್ ಪಟ್ಟಿ ಸ್ಪ್ಯಾಮ್‌ನಲ್ಲಿ ಬಿತ್ತು. ತಮಾಷೆ ಅಂದ್ರೆ ಆ ಎರಡನೇದು ಬೇಕಾಗೇ ಇರ್ಲಿಲ್ಲ. ಎಸ್‌ಇಎಸ್ ಕಸ್ಟಮ್ ಮೇಲ್ ಫ್ರಮ್ (ಬೌನ್ಸ್‌ಗಳು ವಾಪಸ್ ಬರೋ ವಿಳಾಸ) ಬೇರೆ ಸಬ್‌ಡೊಮೇನ್ (ಡೊಮೇನ್ ಒಳಗಿನ ಉಪಹೆಸ್ರು) ಮೇಲೆ ಕೂರತ್ತೆ, ಅದರ ಎಸ್‌ಪಿಎಫ್ ಅಲ್ಲಿಗೇ ಹೋಗ್ಬೇಕು.

ಕಾಂಟ್ಯಾಕ್ಟ್ ಫಾರ್ಮ್ ಇದ್ದವ್ರು ಇದನ್ನೂ ನೋಡ್ಕೊಳ್ಳಿ, ಸುಮಾರು ಪ್ಲಗಿನ್‌ಗಳು ಫಾರ್ಮ್ ತುಂಬಿದವರ ಅಡ್ರೆಸ್ಸನ್ನೇ ಫ್ರಮ್‌ನಲ್ಲಿ ಹಾಕ್ತವೆ. ಬೇರೆಯವರ ಹೆಸ್ರಲ್ಲಿ ನೀವು ಕಾಗದ ಬರ್ದಂಗೆ ಅದು, ಎಸ್‌ಇಎಸ್ ಅಲ್ಲೇ ತಡೆಯತ್ತೆ. ಫ್ರಮ್ ನಿಮ್ಮ ಡೊಮೇನ್‌ದೇ ಇರ್ಲಿ, ಅವರ ಅಡ್ರೆಸ್ ರಿಪ್ಲೈ ಟು ಜಾಗಕ್ಕೆ ಹಾಕಿ.

ಇಷ್ಟಾದ್ಮೇಲೆ ಮೇಲ್‌ಗಳು ನೆಟ್ಟಗೆ ಇನ್‌ಬಾಕ್ಸ್‌ಗೆ ಹೋಗೋಕೆ ಶುರುವಾದ್ವು, ಫೋನೂ ನಿಂತ್ವು, ನಾನೂ ಮನೇಲಿ ಎದೆ ಉಬ್ಬಿಸ್ಕೊಂಡು ಓಡಾಡಿದೆ. ಆಮೇಲೆ ದೀಪಾವಳಿ ಬಂತು.

ಭಾವಂಗೆ ಹಬ್ಬದ ಆಫರ್ ಮೇಲ್ ಎಲ್ಲಾ ಹಳೇ ಗಿರಾಕಿಗಳಿಗೂ ಹೋಗ್ಬೇಕು ಅಂತ ಆಸೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ 2,400 ಅಡ್ರೆಸ್ ತೆಗ್ದು ಕೊಟ್ರು, ನಾನೂ ಹಿಂದೆಮುಂದೆ ನೋಡದೆ ಕಳಿಸ್ಬಿಟ್ಟೆ. ಸುಮಾರು 200 ಬೌನ್ಸ್. ಎಂಟು ಪರ್ಸೆಂಟ್‌ಗೂ ಮೇಲೆ! ಎಸ್‌ಇಎಸ್ ಲೆಕ್ಕದಲ್ಲಿ ಬೌನ್ಸ್ ಐದು ಪರ್ಸೆಂಟ್ ಮುಟ್ಟಿದ್ರೆ ಅಕೌಂಟ್ ರಿವ್ಯೂಗೆ ಹೋಗ್ಬಹುದು, ಹತ್ತಾದ್ರೆ ಕಳಿಸೋದನ್ನೇ ನಿಲ್ಲಿಸ್ಬಹುದು. ಸ್ಪ್ಯಾಮ್ ಅಂತ ಒತ್ತಿದವರ ಲೆಕ್ಕ ಇನ್ನೂ ಬಿಗಿ, 0.1 ಪರ್ಸೆಂಟ್‌ಗೇ ಎಚ್ಚರಿಕೆ. ನಮ್ದು ರಿವ್ಯೂಗೆ ಹೋಯ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಹಬ್ಬದ ವಾರ ಬಿಲ್ ಮೇಲೂ ನಿಂತೋದ್ರೆ ಭಾವನ ಮುಖ ನೋಡೋದು ಹೇಗೆ.

ಕೂತು ಆ 200 ಅಡ್ರೆಸ್ ಓದಿದೆ. ಕೆಲವು ಜಿಮೇಲ್ ಬದಲು ಜಿಮಿಯಲ್ ಅಂತ ಬೆರಳು ತಪ್ಪಿದ್ದು, ಕೆಲವು ಯಾವಾಗ್ಲೋ ಬಿಟ್ಟ ಆಫೀಸ್ ಮೇಲ್‌ಗಳು. ಆದ್ರೆ ಬಹಳಷ್ಟು ಒಂದೇ ಥರ ಇದ್ವು, ಗಿರಾಕಿ ಹೆಸ್ರು, ಮುಂದೆ ಒಂದ್ ಎರಡ್ ಮೂರು, ಅಟ್ ಜಿಮೇಲ್. ವಿಚಾರ್ಸಿದ್ರೆ ಕೌಂಟರ್ ಹುಡುಗನ ಕೆಲ್ಸ! ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇಮೇಲ್ ತುಂಬದೆ ಮುಂದಕ್ಕೆ ಹೋಗ್ತಿರ್ಲಿಲ್ಲ, ಕಾಲ್ ಕೆಜಿ ಪುಡಿ ತಗೊಳ್ಳೋಕೆ ಬಂದ ಅಜ್ಜಿ ಹತ್ರ ಇಮೇಲ್ ಕೇಳಿದ್ರೆ ಬೈತಾರೆ, ಅವನೇ ಏನೋ ಒಂದು ಕುಟ್ಟಿ ಬಿಲ್ ಹರಿದು ಕೊಡ್ತಿದ್ದ. ಅವನ ತಪ್ಪು ಅಂತ ನನಗನ್ಸಲ್ಲ, ಆ ಜಾಗವನ್ನ ಕಡ್ಡಾಯ ಮಾಡಿಟ್ಟೋರ್ದು, ಅದನ್ನ ಕೇಳದೇ ಲಿಸ್ಟ್ ಎತ್ಕೊಂಡ ನಂದು. ಇಂಥ ಲಿಸ್ಟ್‌ಗೆ ಯಾವ ಸರ್ವಿಸ್ ತಗೊಂಡ್ರೂ ಇದೇ ಗತಿ.

ಕಡ್ಡಾಯ ತೆಗೆಸಿದ್ವಿ, ಆ ಲಿಸ್ಟ್ ಪೂರ್ತಿ ಎಸೆದ್ವಿ, ಆನ್‌ಲೈನ್‌ನಲ್ಲಿ ತಾವೇ ಆರ್ಡರ್ ಮಾಡಿ ಆಫರ್ ಬೇಕು ಅಂತ ಟಿಕ್ ಮಾಡಿದವ್ರಿಗೆ ಮಾತ್ರ ಕಳಿಸ್ತೀವಿ, ಅದೂ ಬೇರೆ ಸಬ್‌ಡೊಮೇನ್‌ನಿಂದ. ಏನಾಯ್ತು, ಏನ್ ಸರಿ ಮಾಡಿದ್ವಿ ಅಂತ ಬರ್ದು ಕೊಟ್ಟ ಮೇಲೆ ರಿವ್ಯೂ ಮುಗೀತು. ಇಲ್ಲಿ ಎಸ್‌ಇಎಸ್‌ನ ಸಪ್ರೆಶನ್ ಲಿಸ್ಟ್ ಮೆಚ್ಚಲೇಬೇಕು, ಒಂದ್ಸಲ ಶಾಶ್ವತವಾಗಿ ಬೌನ್ಸ್ ಆದ (ಅಂಥ ವಿಳಾಸವೇ ಇಲ್ಲ ಅಂತ ಬಂದ) ಅಡ್ರೆಸ್ಸನ್ನ ನೆನಪಿಟ್ಕೊಂಡು ಮತ್ತೆ ಅಲ್ಲಿಗೆ ಕಳಿಸೋದೇ ಇಲ್ಲ. ಟೆಸ್ಟ್ ಮಾಡೋಕೆ ಸಿಮ್ಯುಲೇಟರ್ ಅಡ್ರೆಸ್‌ಗಳೂ ಇದಾವೆ, ಬೇಕಂತಲೇ ಬೌನ್ಸ್ ಮಾಡಿಸಿ ನೋಡ್ಬಹುದು, ನಿಮ್ಮ ಬೌನ್ಸ್ ಲೆಕ್ಕಕ್ಕೆ ಸೇರಲ್ಲ.

ಬೇಜಾರು ಎರಡಿದೆ. ಯಾರ ಮೇಲ್ ಯಾಕೆ ಬೌನ್ಸ್ ಆಯ್ತು ಅನ್ನೋ ವಿವರ ಒಂದೇ ಕಡೆ ಪಟ್ಟಿಯಾಗಿ ಕೂತಲ್ಲೇ ಸಿಗಲ್ಲ, ಎಸ್‌ಎನ್‌ಎಸ್ (ಅಮೆಜಾನ್‌ನದೇ ಸೂಚನೆ ಕಳಿಸೋ ಸರ್ವಿಸ್) ನೋಟಿಫಿಕೇಶನ್ ಥರದ್ದು ಏನಾದ್ರೂ ಜೋಡಿಸಿ ನೀವೇ ಹಿಡಿದಿಟ್ಕೋಬೇಕು. ಜಿಮೇಲ್‌ನಲ್ಲಿ ಯಾರು ಸ್ಪ್ಯಾಮ್ ಒತ್ತಿದ್ರು ಅನ್ನೋದು ಎಸ್‌ಇಎಸ್‌ಗೂ ತಿಳಿಯಲ್ಲ, ಅದಕ್ಕೆ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಬೇರೆ ನೋಡ್ಬೇಕು, ಪುಕ್ಕಟೆ ಅದು, ಆದ್ರೆ ಸಣ್ಣ ಅಂಗಡಿಗಳಿಗೆ ಮೇಲ್ ಕಮ್ಮಿ ಅಂತ ಎಷ್ಟೋ ದಿನ ಗ್ರಾಫ್ ಖಾಲಿ ಇರತ್ತೆ.

ದಿನಕ್ಕೆ ಇಪ್ಪತ್ತು ಮೂವತ್ತು ಮೇಲ್ ಇರೋರಿಗೆ ಇಷ್ಟೆಲ್ಲ ರಗಳೆ ಬೇಡ, ಗೂಗಲ್ ವರ್ಕ್‌ಸ್ಪೇಸ್ ಇದ್ರೆ ಅದ್ರ ಎಸ್‌ಎಂಟಿಪಿನೇ (ಮೇಲ್ ಕಳಿಸೋ ದಾರಿ) ಸಾಕು. ಡಿಎನ್‌ಎಸ್ ಅಂದ್ರೆ ಭಯ ಇಲ್ಲದೋರಿಗೆ, ಸಾವಿರದ ಲೆಕ್ಕದಲ್ಲಿ ಬಿಲ್ಲು, ಓಟಿಪಿ ಕಳಿಸೋರಿಗೆ ಎಸ್‌ಇಎಸ್ ಕಣ್ಮುಚ್ಚಿ ಹೇಳ್ತೀನಿ. ಐದಕ್ಕೆ ನಾಲ್ಕು ಸ್ಟಾರ್.

ನಮ್ಮ ಡಿಮಾರ್ಕ್ ಮಾತ್ರ ಇನ್ನೂ "none" (ಏನೂ ಮಾಡ್ಬೇಡಿ) ಅಂತಾನೇ ಇದೆ, ಕ್ವಾರಂಟೈನ್‌ಗೆ (ಅನುಮಾನದ್ದನ್ನ ಸ್ಪ್ಯಾಮ್‌ಗೆ ಹಾಕಿ ಅನ್ನೋದಕ್ಕೆ) ಏರಿಸ್ಬೇಕು. ಭಾವನ ಆಡಿಟರ್ ಕಡೆಯ ಸಾಫ್ಟ್‌ವೇರ್ ಒಂದು ಇದೇ ಡೊಮೇನ್ ಹೆಸ್ರಲ್ಲಿ ಇನ್‌ವಾಯ್ಸ್ ಕಳಿಸ್ತಿದೆ ಅಂತ ಡಿಮಾರ್ಕ್ ರಿಪೋರ್ಟ್‌ನಲ್ಲಿ ಈಗಷ್ಟೇ ಗೊತ್ತಾಯ್ತು. ಅವರಿಗೆ ಎರಡು ಸಲ ಮೇಲ್ ಹಾಕಿದೀನಿ, ಉತ್ತರ ಬಂದಿಲ್ಲ, ಸ್ಪ್ಯಾಮ್‌ನಲ್ಲಿ ಬಿದ್ದಿದ್ಯೋ ಏನೋ, ನಾಳೆ ಫೋನೇ ಮಾಡ್ಬೇಕು.