ಎರಡು ಹುಕ್ಕಿನ ಸೇಫ್ಟಿ ಬೆಲ್ಟ್: ಎಂಟು ತಿಂಗಳು ಹಾಕಿದ ಮೇಲೆ

ಸಾರ್ವೆ ಕಟ್ಟುವ ಕೆಲಸದಲ್ಲಿ ನನಗೆ 14 ವರ್ಷ. ಮೊದಲೆಲ್ಲ ಒಂದೇ ಹುಕ್ಕಿನ ಬೆಲ್ಟ್. ಮೇಲಿನ ಪೈಪಿಗೆ ಹೋಗಬೇಕೆಂದರೆ ಹುಕ್ ಬಿಚ್ಚಬೇಕು, ಹತ್ತಬೇಕು, ಮತ್ತೆ ಸಿಕ್ಕಿಸಬೇಕು. ನನ್ನ ಜೊತೆಗಾರ ಬಿದ್ದಿದ್ದು ಆ ನಡುವಿನ ಎರಡು ಮೂರು ಸೆಕೆಂಡಿನಲ್ಲಿ. ಬೆಲ್ಟ್ ಮೈಮೇಲೇ ಇತ್ತು, ಹುಕ್ ಕೈಯಲ್ಲಿತ್ತು. ಅವನದೇ ಅಜಾಗ್ರತೆ ಅಂತ ಬರೆದುಕೊಂಡು ಹೋದರು. ನನಗೆ ಇವತ್ತಿಗೂ ಅದನ್ನು ಒಪ್ಪೋಕೆ ಆಗಿಲ್ಲ. ಹುಕ್ ಬಿಚ್ಚದೆ ಮೇಲೆ ಹೋಗುವ ದಾರಿಯನ್ನೇ ಅವನಿಗೆ ಕೊಟ್ಟಿರಲಿಲ್ಲ ಅಲ್ವಾ?

ಈ ಎರಡು ಹುಕ್ಕಿನ ಬೆಲ್ಟಿನಲ್ಲಿ ಒಂದು ಹುಕ್ ಮೇಲೆ ಕೂತ ಮೇಲೇ ಇನ್ನೊಂದನ್ನು ಬಿಚ್ಚೋದು. ಹುಕ್ಕಿನ ಬಾಯಿ ಅಗಲ, ಸಾರ್ವೆ ಪೈಪಿಗೆ ಸಲೀಸಾಗಿ ಕೂರುತ್ತದೆ. ಗ್ಲೌಸ್ ಹಾಕಿದ ಕೈಗೂ ತೆರೆಯಲು ಬರುತ್ತದೆ. ಬೆನ್ನ ಹಿಂದೆ ಮಡಚಿ ಹೊಲಿದ ಪಟ್ಟಿಯ ಒಂದು ಪೊಟ್ಟಣವಿದೆ. ಬಿದ್ದಾಗ ಆ ಹೊಲಿಗೆ ಹರಿಯುತ್ತಾ ಏಟನ್ನು ನುಂಗುತ್ತದೆ. ಯುರೋಪಿನ ಇಎನ್ 355 ಮಾನದಂಡದ ಪ್ರಕಾರ ಮೈಗೆ ಬೀಳುವ ಜಗ್ಗು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ಭಾರದಷ್ಟು, ದಾಟಬಾರದು. ಆದರೆ 2 ಮೀಟರ್ ಹಗ್ಗ, ಅದರ ಜೊತೆ ಹರಿಯುವ ಪಟ್ಟಿ, ನಮ್ಮ ಎತ್ತರ, ಎಲ್ಲ ಸೇರಿದರೆ ಕೆಳಗೆ ಸುಮಾರು 6 ಮೀಟರ್ ಖಾಲಿ ಬೇಕು. ಕಾಲ ಬಳಿ ಹುಕ್ ಹಾಕಬೇಡಿ, ಯಾವಾಗಲೂ ತಲೆಗಿಂತ ಮೇಲೆ.

ಖಾಲಿ ಹುಕ್ಕನ್ನು ಸೊಂಟದ ಗಟ್ಟಿ ರಿಂಗಿಗೆ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ಆ ಪೊಟ್ಟಣ ಬಿಚ್ಚಿಕೊಳ್ಳದೇ ಹೋಗಬಹುದು. ಇದರಲ್ಲಿ ಎದೆ ಮೇಲೆ ಅದಕ್ಕೇ ಅಂತ ಬೇರೆ ಕುಣಿಕೆ ಇದೆ, ಜೋರಾಗಿ ಎಳೆದರೆ ಕಳಚಿಕೊಳ್ಳುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ತೊಂದರೆಗಳೂ ಇವೆ. ಭಾರ ಜಾಸ್ತಿ. ಸೆಕೆಯಲ್ಲಿ ತೊಡೆಯ ಪಟ್ಟಿ ಉಜ್ಜುತ್ತದೆ. ಬಿದ್ದು ನೇತಾಡುವಾಗ ಕಾಲೂರಲು ಬೇಕಾದ ಪಟ್ಟಿ ಇದರ ಜೊತೆ ಬರುವುದಿಲ್ಲ, ಅದು ದೊಡ್ಡ ಕೊರತೆ. ಸುಮ್ನೆ ನೇತಾಡಿದರೆ ಕಾಲಿನ ರಕ್ತ ಮೇಲೆ ಬರದೆ ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಕುತ್ತು. ಬೇರೆ ಕೊಂಡು ಹಾಕಿಸಿಕೊಳ್ಳಿ.

ಬೆಲ್ಟಿನ ಚೀಟಿಯಲ್ಲಿ ಮೊದಲು ಬಳಸಿದ ತಾರೀಕು ಬರೆಯಲು ಜಾಗವಿದೆ. ನಾನು ಬರೆದಿದ್ದು ಏಪ್ರಿಲ್ 28. ಕೆಲಸದಲ್ಲಿ ಸತ್ತವರನ್ನು, ಗಾಯಗೊಂಡವರನ್ನು ನೆನೆಯುವ ದಿನ ಅದು. 1984ರಲ್ಲಿ ಕೆನಡಾದ ಕಾರ್ಮಿಕ ಸಂಘದವರು ಶುರು ಮಾಡಿದ್ದು. ಆವತ್ತು ನಾವು ಒಂದು ನಿಮಿಷ ನಿಂತು, ಆಮೇಲೆ ಎಲ್ಲರ ಬೆಲ್ಟನ್ನೂ ನೆಲಕ್ಕೆ ಹರಡಿ ಒಂದೊಂದೇ ಹೊಲಿಗೆ ನೋಡುತ್ತೇವೆ. ಹೊಸ ಹುಡುಗರು "ಇದ್ಯಾಕಣ್ಣ ಈ ತಾರೀಕು?" ಅಂತ ಕೇಳುತ್ತಾರೆ. ಅವನ ಹೆಸರು ಹೇಳುತ್ತೇನೆ. ಆಮೇಲೆ ಹುಕ್ ಬದಲಾಯಿಸೋದು ತೋರಿಸುತ್ತೇನೆ.